ಶೆರ್ಮನ್ ಮರದ ಬುಡಕ್ಕೆ ಕಾರು ಹೋಗದಿರುವುದೇ ಒಳ್ಳೆಯದು

ಬೇಸಿಗೆ ಬಂತೆಂದರೆ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ನಮ್ಮವರ ಮನೆಗಳಿಗೆ ಊರಿಂದ ಅಪ್ಪ ಅಮ್ಮ ಬರುತ್ತಾರೆ. ಅವರನ್ನು ಸಿಕ್ವೋಯಾ ನ್ಯಾಷನಲ್ ಪಾರ್ಕಿಗೆ ಕರೆದುಕೊಂಡು ಹೋಗಿಬಂದವರ ದೂರು ಹೆಚ್ಚುಕಡಿಮೆ ಒಂದೇ. ಪಾರ್ಕಿಂಗಿನಿಂದ ಜನರಲ್ ಶೆರ್ಮನ್ ಅನ್ನುವ ದೈತ್ಯ ಸಿಕ್ವೋಯಾ ಮರದ ತನಕ ಅರ್ಧ ಮೈಲಿ ಇಳಿಯಬೇಕು, ಆಮೇಲೆ ಅಷ್ಟೇ ದೂರ ಏರಬೇಕು. ವಯಸ್ಸಾದವರಿಗೆ ಕಷ್ಟ, ಹತ್ತಿರಕ್ಕೇ ರಸ್ತೆ ಮಾಡಬಾರದಿತ್ತಾ ಅಂತ ಕೇಳುತ್ತಾರೆ.

ಹಿಂದೆ ಎಲ್ಲವೂ ಹತ್ತಿರವೇ ಇತ್ತು. ಜೈಂಟ್ ಫಾರೆಸ್ಟ್ ಅನ್ನುವ ಈ ಕಾಡಿನೊಳಗೆ ಒಂದು ಸಣ್ಣ ಊರೇ ಇತ್ತು. ಉಳಿದುಕೊಳ್ಳಲು ಕ್ಯಾಬಿನ್ನುಗಳು, ಅಂಗಡಿ, ಪೆಟ್ರೋಲ್ ಬಂಕ್, ಮರಗಳ ನಡುವೆಯೇ ಕಾರು ನಿಲ್ಲಿಸುವ ಜಾಗ, ನೆಲದೊಳಗೆ ನೀರಿನ ಪೈಪು, ಚರಂಡಿ ಪೈಪು. ಸಿಕ್ವೋಯಾ ಮರ ಎಷ್ಟೇ ದೊಡ್ಡದಾದರೂ ಬೇರು ಆಳಕ್ಕೆ ಇಳಿಯುವುದಿಲ್ಲ. ಬಲಿತ ಮರಕ್ಕೆ ತಾಯಿಬೇರೇ ಇರುವುದಿಲ್ಲ. ಬೇರೆಲ್ಲ ಮೇಲ್ಮೇಲೆಯೇ ನೂರು ಅಡಿಗೂ ಜಾಸ್ತಿ ದೂರ ಹರಡಿರುತ್ತದೆ. ಅದರ ಮೇಲೆ ಡಾಂಬರು ಹಾಕಿದರೆ, ವರ್ಷವಿಡೀ ಜನ ತುಳಿದರೆ ಮಣ್ಣು ಗಟ್ಟಿಯಾಗಿ ನೀರೇ ಇಂಗುವುದಿಲ್ಲ. ಕೊನೆಗೆ 1990ರ ದಶಕದ ಕೊನೆಯಲ್ಲಿ ಕಟ್ಟಡಗಳನ್ನು ತೆಗೆಯಲು ಶುರುಮಾಡಿದರು. ಒಟ್ಟು 282 ಕಟ್ಟಡ ತೆಗೆದರು. ಹಳೆಯ ಮಾರ್ಕೆಟ್ ಕಟ್ಟಡ ಈಗ ಮ್ಯೂಸಿಯಂ ಆಗಿದೆ. ವ್ಯಾಪಾರ ನಡೆಯುತ್ತಿದ್ದ ಜಾಗವನ್ನು ಕಾಡಿಗೆ ವಾಪಸ್ ಬಿಟ್ಟುಕೊಡುವುದು ಸುಮ್ನೆ ಮಾತಲ್ಲ. ಈ ಪಾರ್ಕಿನಲ್ಲಿ ನಡೆದ ಅತಿ ಒಳ್ಳೆಯ ಕೆಲಸ ಇದೇ ಅಂತ ನನ್ನ ಅಭಿಪ್ರಾಯ.

ಇದಕ್ಕೆ ಇನ್ನೊಂದು ದೊಡ್ಡ ಕಾರಣವಿದೆ. ಬೆಂಕಿ.

ಅಮ್ಮನ ಜೊತೆ ಹೋದಾಗ ಅವರ ಕಣ್ಣಿಗೆ ಮೊದಲು ಬಿದ್ದದ್ದು ದಾರಿಬದಿಯ ಒಂದು ಸಿಕ್ವೋಯಾ ಮರದ ಎತ್ತರ ಅಲ್ಲ, ಬುಡದ ಕಪ್ಪು. ಒಳಗೆ ನಾಲ್ಕೈದು ಜನ ನಿಲ್ಲುವಷ್ಟು ದೊಡ್ಡ ಪೊಟರೆ, ಗೋಡೆಯೆಲ್ಲ ಇದ್ದಿಲು. "ಅಯ್ಯೋ, ಯಾರೋ ಇದಕ್ಕೆ ಬೆಂಕಿ ಇಟ್ಟಿದಾರಲ್ಲೋ" ಅಂದರು. ಮಲೆನಾಡಿನವರು, ಕಾಡಿಗೆ ಬೆಂಕಿ ಬಿತ್ತೆಂದರೆ ಎದೆ ಝಲ್ಲೆನ್ನುವುದು ಸಹಜ ಅಲ್ವಾ? ಆದರೆ ಸಿಕ್ವೋಯಾಗೆ ಬೆಂಕಿ ಬೇಕು. ತೊಗಟೆ ಎರಡು ಅಡಿಯವರೆಗೂ ದಪ್ಪ, ನಾರುನಾರಾಗಿ ಮೆತ್ತಗಿರುತ್ತದೆ, ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಕಾಯಿ ಕೋಳಿಮೊಟ್ಟೆ ಗಾತ್ರದ್ದು. ಎಷ್ಟೋ ವರ್ಷ ಹಸಿರಾಗಿ, ಬಾಯಿ ಮುಚ್ಚಿಕೊಂಡೇ ಕೊಂಬೆಯಲ್ಲಿರುತ್ತದೆ. ಕೆಳಗೆ ಬೆಂಕಿ ಹರಿದಾಗ ಏಳುವ ಬಿಸಿಗಾಳಿಗೆ ಒಣಗಿ ಬಿರಿಯುತ್ತದೆ. ಒಳಗಿನ ಬೀಜ ಎಷ್ಟು ಸಣ್ಣದೆಂದರೆ ಊದಿದರೆ ಹಾರಿಹೋಗುತ್ತದೆ. ತರಗೆಲೆ ಸುಟ್ಟು ಬರಿದಾದ ಮಣ್ಣು ಸಿಕ್ಕರೆ ಮಾತ್ರ ಚೆನ್ನಾಗಿ ಬೇರು ಬಿಡುತ್ತದೆ.

ಹಲವು ದಶಕಗಳ ಕಾಲ ಇಲ್ಲಿ ಎಲ್ಲ ಬೆಂಕಿಯನ್ನೂ ಆರಿಸಿದರು. ಸಣ್ಣ ಸಿಕ್ವೋಯಾ ಹುಟ್ಟುವುದೇ ಅಪರೂಪವಾಯಿತು, ಬೇರೆ ಮರಗಳು ದಟ್ಟವಾಗಿ ಬೆಳೆದವು, ಒಣ ಕಸ ರಾಶಿಬಿತ್ತು. 1960ರ ದಶಕದ ಕೊನೆಯಲ್ಲಿ ಪಾರ್ಕಿನವರೇ ಹದವಾಗಿ ಬೆಂಕಿ ಹಚ್ಚುವುದನ್ನು ಶುರುಮಾಡಿದರು. ಕಾಡಿನ ತುಂಬ ಕ್ಯಾಬಿನ್ನು, ಅದರಲ್ಲಿ ಜನ ಇದ್ದರೆ ಬೆಂಕಿ ಹಚ್ಚುವುದಾದರೂ ಎಲ್ಲಿ? 2020 ಮತ್ತು 2021ರ ಕಾಡ್ಗಿಚ್ಚುಗಳಲ್ಲಿ, ಎರಡೇ ವರ್ಷದಲ್ಲಿ, ಜಗತ್ತಿನ ದೊಡ್ಡ ಸಿಕ್ವೋಯಾಗಳಲ್ಲಿ ಅಂದಾಜು ನೂರಕ್ಕೆ 13ರಿಂದ 19 ಸತ್ತವು. 2021ರಲ್ಲಿ ಶೆರ್ಮನ್ ಬುಡಕ್ಕೆ ಬೆಂಕಿ ತಡೆಯುವ ಬೆಳ್ಳಿಬಣ್ಣದ ಹಾಳೆ ಸುತ್ತಿದ್ದ ಫೋಟೋ ನೀವೂ ನೋಡಿರಬಹುದು. ಆ ವರ್ಷ ಜೈಂಟ್ ಫಾರೆಸ್ಟ್ ಬಹುಪಾಲು ಉಳಿಯಿತು. ಮೊದಲೇ ಸಣ್ಣ ಸಣ್ಣದಾಗಿ ಸುಟ್ಟು ಕಸ ಕಡಿಮೆ ಮಾಡಿದ್ದು ಅದಕ್ಕೆ ದೊಡ್ಡ ಕಾರಣ.

ಬೇಲಿ ದಾಟಿ ಶೆರ್ಮನ್ ಮರದ ಬುಡಕ್ಕೆ ಹೋಗಿ ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ನಮ್ಮವರೂ ಇದ್ದಾರೆ, ಬೇರೆಯವರೂ ಇದ್ದಾರೆ. ಸುಮಾರು 2,200 ವರ್ಷದ ಮರ ಅದು. ಗಾತ್ರದ ಲೆಕ್ಕದಲ್ಲಿ ಜಗತ್ತಿನಲ್ಲೇ ದೊಡ್ಡದು. 275 ಅಡಿ ಎತ್ತರದ ಮರವನ್ನು ಅಪ್ಪಿಕೊಂಡರೆ ಫೋಟೋದಲ್ಲಿ ತೊಗಟೆ ಬಿಟ್ಟು ಇನ್ನೇನು ಕಾಣುತ್ತದೆ? ಬುಡ ಎಷ್ಟು ಅಗಲ ಅಂತ ತಿಳಿಯಬೇಕಿದ್ದರೆ ಇಳಿಯುವ ದಾರಿಯಲ್ಲೇ ಅದರ ಅಳತೆಯನ್ನು ನೆಲಹಾಸಿನಲ್ಲಿ ಗುರುತು ಮಾಡಿದ್ದಾರೆ. ಅದರೊಳಗೆ ಮನೆಮಂದಿಯೆಲ್ಲ ನಿಂತುಕೊಳ್ಳಿ, ಮಕ್ಕಳನ್ನು ಓಡಾಡಲು ಬಿಡಿ.

ಆಮೇಲೆ ದಯವಿಟ್ಟು ಅಲ್ಲಿಂದಲೇ ವಾಪಸ್ ಬರಬೇಡಿ. ಹೆಚ್ಚಿನವರು ಬೋರ್ಡಿನ ಮುಂದೆ ಫೋಟೋ ತೆಗೆದು ಹೊರಟುಬಿಡುತ್ತಾರೆ. ಪಕ್ಕದಲ್ಲೇ ಕಾಂಗ್ರೆಸ್ ಟ್ರೇಲ್ ಶುರುವಾಗುತ್ತದೆ. ಸುಮಾರು ಮೂರು ಮೈಲಿಯ ಸುತ್ತು, ಡಾಂಬರಿನ ಕಾಲುದಾರಿ. ಹತ್ತು ನಿಮಿಷ ನಡೆದರೆ ಸಾಕು, ಗದ್ದಲ ಹಿಂದೆ ಉಳಿಯುತ್ತದೆ. ಪ್ರೆಸಿಡೆಂಟ್ ಅನ್ನುವ ಮರ ಅಲ್ಲೇ ಇದೆ. ಸುಮಾರು 3,200 ವರ್ಷದ್ದು, ಅಂದರೆ ಶೆರ್ಮನ್‌ಗಿಂತಲೂ ಹಳೆಯದು, ಆದರೂ ಅದರ ಮುಂದೆ ನೂಕುನುಗ್ಗಲಿಲ್ಲ. ಹೌಸ್, ಸೆನೆಟ್ ಅನ್ನುವ ಎರಡು ಗುಂಪುಗಳನ್ನೂ ತಪ್ಪಿಸಬೇಡಿ. ಒತ್ತೊತ್ತಾಗಿ ನಿಂತ ಕೆಂಪು ಕಾಂಡಗಳ ಮಧ್ಯೆ ಕತ್ತೆತ್ತಿದರೆ ಆಕಾಶ ಒಂಚೂರು ಕಾಣುತ್ತದೆ ಅಷ್ಟೇ. ಅಮ್ಮ ಅಲ್ಲಿ ಕುಳಿತವರು ಏಳಲು ಒಪ್ಪಲಿಲ್ಲ.

ಮಂಡಿ ನೋವಿರುವ ಹಿರಿಯರಿದ್ದರೆ ಒಂದು ವಿಷಯ. ಬೇಸಿಗೆಯಲ್ಲಿ ಉಚಿತ ಶಟಲ್ ಬಸ್ ಇರುತ್ತದೆ. ಅದು ಕೆಳಗಿನ ಸ್ಟಾಪಿನಲ್ಲೂ ನಿಲ್ಲುತ್ತದೆ, ಅಲ್ಲಿಂದ ಮೆಟ್ಟಿಲಿಲ್ಲದ ಸಣ್ಣ ದಾರಿಯಲ್ಲಿ ಮರ ತಲುಪಬಹುದು. ಅಂಗವಿಕಲರ ಪಾರ್ಕಿಂಗ್ ಕಾರ್ಡ್ ಇದ್ದವರು ಕಾರಿನಲ್ಲೇ ಅಲ್ಲಿಗೆ ಹೋಗಬಹುದು. ಜಾಗ ಸುಮಾರು 7,000 ಅಡಿ ಎತ್ತರದಲ್ಲಿದೆ, ಏರುವಾಗ ಬೇಗ ಏದುಸಿರು ಬರುತ್ತದೆ. ನೀರು ಜಾಸ್ತಿ ಇಟ್ಟುಕೊಳ್ಳಿ, ದಾರಿಯಲ್ಲಿ ಬೆಂಚುಗಳಿವೆ, ಕೂತು ಕೂತು ಹತ್ತಿ.