ಹೊಲಿಗೆ ಯಂತ್ರಕ್ಕೆ ಜಯವಾಗಲಿ

ಜುಲೈ 30 ಮತ್ತೆ ಬಂದು ಹೋಯಿತು. 2013ರಲ್ಲಿ ವಿಶ್ವಸಂಸ್ಥೆ ಅದನ್ನು ಮಾನವ ಕಳ್ಳಸಾಗಣೆ ವಿರೋಧಿ ದಿನ ಅಂತ ಮಾಡಿದ್ದೇ ಮಾಡಿದ್ದು, ಫ್ಲೆಕ್ಸ್ ಅಂಗಡಿಗೆ ಆಷಾಢದ ಆಸುಪಾಸಿನಲ್ಲೂ ಕೈತುಂಬ ಕೆಲಸ. ಈ ಸಲ ನನಗೂ ಸ್ಟಾರ್ ಹೋಟೆಲಿನ ಕಾರ್ಯಾಗಾರಕ್ಕೆ ಕರೆ ಬಂದಿತ್ತು. ವಿಷಯ, ಇಟ್ಟಿಗೆ ಗೂಡಿನ ಜೀತ. ಊಟಕ್ಕೆ ಮೂರು ಬಗೆ ಸಿಹಿ. ಜೀತ ಮಾಡಿದವರು ಮಾತ್ರ ಯಾರೂ ಇರಲಿಲ್ಲ. ಆ ಎ.ಸಿ.ಗೆ ಅವರಿಗೆ ನೆಗಡಿಯಾದೀತು ಅನ್ನುವ ಕಾಳಜಿ ಇರಬೇಕು.

ಇಂಥ ಕೆಲಸಕ್ಕೆ ಸಂಘಸಂಸ್ಥೆಗಳಿಗೆ ದುಡ್ಡು ಕೊಡುವವರ ಕಷ್ಟ ನಮಗೆಲ್ಲಿ ಅರ್ಥವಾಗಬೇಕು! ಮಾರಾಟವಾಗದೆ ಉಳಿದ ಹುಡುಗಿಯನ್ನು ಎಣಿಸುವುದು ಹೇಗೆ? ಅವಳು ಮನೆ ಹಿಂದೆ ಪಾತ್ರೆ ತೊಳೆಯುತ್ತಿರುತ್ತಾಳೆ, ಫೋಟೊಗೂ ಸಿಗುವುದಿಲ್ಲ. ಕುರ್ಚಿಯಾದರೆ ಎಣಿಸಬಹುದು. ಶಾಲೆ ಮೈದಾನದಲ್ಲಿ ಇನ್ನೂರು ಕುರ್ಚಿ, ಒಂದು ಬೀದಿ ನಾಟಕ, ಬಿಸ್ಕತ್ತು, ಸಹಿ. ಇನ್ನೂರು ಜನ ಪಾರು! ಯಾವಳೋ ಅಜ್ಜಿ ಇನ್ನೊಂದು ಪೊಟ್ಟಣಕ್ಕಾಗಿ ಎರಡನೇ ಸಲ ಹೆಬ್ಬೆಟ್ಟು ಒತ್ತಿದರೆ ಇನ್ನೂರ ಒಂದು.

ಪಾರಾಗದವರಿಗೆ ಹೊಲಿಗೆ ಯಂತ್ರ ಇದ್ದೇ ಇದೆ. ಗಂಡ ಬಿಟ್ಟನೋ, ಹೊಲಿಗೆ ಯಂತ್ರ. ಮುತ್ತು ಕಟ್ಟಿ ದೇವದಾಸಿ ಮಾಡಿದರೋ, ಹೊಲಿಗೆ ಯಂತ್ರ. ಮುಂಬಯಿಗೆ ಮಾರಿದರೋ, ತಿರುಗಿ ಬಂದವಳಿಗೂ ಅದೇ. ಒಂದೇ ಓಣಿಯಲ್ಲಿ ಒಂಬತ್ತು ಯಂತ್ರ ಆದಮೇಲೆ ಹೊಲಿಸುವವರು ಯಾರು? ಒಬ್ಬರ ರವಿಕೆ ಇನ್ನೊಬ್ಬರು ಹೊಲಿದುಕೊಂಡು ಎಲ್ಲರೂ ಸ್ವಾವಲಂಬಿಗಳಾಗಬೇಕು. ನಮ್ಮ ಸೋದರತ್ತೆಗೂ ಯಾರೋ ಒಂದು ಕೊಟ್ಟಿದ್ದರು. ಗಟ್ಟಿಮುಟ್ಟು ಯಂತ್ರ, ಅದರ ಮೇಲೆ ಹದಿನೈದು ವರ್ಷ ಟಿವಿ ಕೂತಿತ್ತು.

ಸರ್ಕಾರವೇನು ಕಡಿಮೆಯೇ? 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆ ತಿದ್ದಿ, ದೊಡ್ಡ ಸಂಸ್ಥೆ ಆ ಹಣವನ್ನು ಸಣ್ಣ ಸಂಸ್ಥೆಗೆ ದಾಟಿಸುವುದನ್ನೇ ನಿಲ್ಲಿಸಿತು. ಸ್ಟಾರ್ ಹೋಟೆಲಿಗೇನೂ ಆಗಲಿಲ್ಲ. ಸರಿರಾತ್ರಿ ಠಾಣೆಗೆ ಓಡುವ ತಾಲ್ಲೂಕಿನ ಸಂಘದ ಕೈ ಖಾಲಿಯಾಯಿತು.

ಜೀತ ರದ್ದಾದದ್ದು 1976ರ ಕಾಯ್ದೆಯಲ್ಲಿ. ಇವತ್ತಿಗೂ ಬಿಡುಗಡೆ ಪತ್ರಕ್ಕೆ ಎ.ಸಿ. ಕಚೇರಿ ಮುಂದೆ ಕೂರಬೇಕು. ಈ ಎ.ಸಿ. ಬೇರೆ, ಉಪವಿಭಾಗಾಧಿಕಾರಿ. 2016ರ ಕೇಂದ್ರ ಯೋಜನೆಯಲ್ಲಿ 1 ಲಕ್ಷದಿಂದ 3 ಲಕ್ಷದವರೆಗೆ ಪರಿಹಾರ ಅಂತಿದೆ, ಆದರೆ ಪೂರ್ತಿ ಹಣ ಬೇಕೆಂದರೆ ಮಾಲೀಕನಿಗೆ ಶಿಕ್ಷೆಯಾಗಬೇಕು. ಅಲ್ಲಿಯವರೆಗೆ ಏನು ತಿನ್ನಬೇಕ್ರೀ ಆ ಜೀತದಾಳು? ಮುಂಗಡ ಇಸಿದುಕೊಂಡು ಮತ್ತೆ ಗೂಡಿಗೇ ಹೋಗುತ್ತಾನೆ. ಇದು ಗೊತ್ತಿಲ್ಲದವರು ಆ ಸಭಾಂಗಣದಲ್ಲಿ ಒಬ್ಬರೂ ಇರಲಿಲ್ಲ. ಗೊತ್ತಿದ್ದೂ ಮೂರನೇ ಸಿಹಿಗೆ ಎದ್ದು ಹೋದರು. ನಾನೂ ಹೋದೆ.

ಹೊರಡುವಾಗ ಒಂದೊಂದು ಬಟ್ಟೆ ಚೀಲ ಕೊಟ್ಟರು, ‘ನಮ್ಮ ಫಲಾನುಭವಿಗಳೇ ಹೊಲಿದದ್ದು ಸರ್’ ಅಂದರು. ಒಳಗೆ ವರದಿಯೊಂದಿತ್ತು, ನುಣುಪು ಕಾಗದ, ಭಾರೀ ತೂಕ. ಬಸ್ ಸ್ಟಾಪು ತಲುಪುವಷ್ಟರಲ್ಲಿ ಚೀಲದ ಹಿಡಿ ಕಿತ್ತು ಬಂತು.