ಊಟದ ಮುಂದೆ ಒಂದು ಮಾತ್ರೆ

ಚಿಕಿತ್ಸಾಲಯವೊಂದು ಕೊಟ್ಟ ಚೀಟಿಯಿಂದಾಗಿ ಮೊನ್ನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯಲ್ಲಿ ಅನ್ನ ಆರಿತು. ಅದರಲ್ಲಿ ಅಚ್ಚ ಕನ್ನಡದಲ್ಲಿ ಅಚ್ಚಾಗಿತ್ತು: ‘ಊಟದ ಮುಂದೆ ಒಂದು ಮಾತ್ರೆ.’

ಮಲಯಾಳದ ‘ಮುಂಪು’ ಕನ್ನಡಕ್ಕೆ ದಾಟುವಾಗ ಕಾಲು ಜಾರಿದೆ ಎಂದು ನನಗೆ ಕೂಡಲೇ ಹೊಳೆಯಿತು. ಮುಂಪು ಎಂದರೆ ಮೊದಲು. ಚಿಕ್ಕಪ್ಪನಿಗೆ ಇದು ಗೊತ್ತಿಲ್ಲವೆಂದಲ್ಲ, ಅವರ ಮಲಯಾಳ ನನ್ನದಕ್ಕಿಂತ ಸೊಗಸು. ಆದರೆ ನಿವೃತ್ತ ಕನ್ನಡ ಮಾಸ್ತರರು; ಕನ್ನಡದಲ್ಲಿ ಅಚ್ಚಾದುದನ್ನು ಕನ್ನಡವಾಗಿಯೇ ಓದುವ ಹಟ. “ಮುಂದೆ ನೋಡೋಣ ಎಂದರೆ ಆಮೇಲೆ ನೋಡೋಣ ಎಂದಲ್ಲವೇ? ಹಾಗಾದರೆ ಇದು ಊಟವಾದ ಮೇಲೆ” ಎಂದರು. ಚಿಕ್ಕಮ್ಮ ಒಪ್ಪಲಿಲ್ಲ. “ದೇವರ ಮುಂದೆ ದೀಪ ಇಡುವುದು ಎಲ್ಲಿ?” ಎಂದು ಕೇಳಿ, ಮಾತ್ರೆಯನ್ನು ಬಾಳೆಲೆಯ ತುದಿಯಲ್ಲಿ, ಉಪ್ಪಿನ ಪಕ್ಕಕ್ಕೆ ಇಟ್ಟುಬಿಟ್ಟರು. ವಾದ ಏರುತ್ತಿದ್ದಂತೆ ಸಾರು ಅನ್ನದ ಕಟ್ಟೆ ಒಡೆದು, ಎಲೆಯ ದಂಟಿನ ಗುಂಟ ಹರಿದು ಬಂತು. ಬಿಳಿ ಮಾತ್ರೆ ಮೊದಲು ಅಂಚಿನಲ್ಲಿ ಕೆಂಪಾಯಿತು, ಆಮೇಲೆ ಉಬ್ಬಿತು, ಕೊನೆಗೆ ಒಂದು ಸಾಸಿವೆ ಕಾಳನ್ನು ತಲೆಯ ಮೇಲೆ ಹೊತ್ತು ಕುಸಿಯಿತು.

ಚಿಕ್ಕಪ್ಪನನ್ನು ನೋಡಿ ನಕ್ಕೆ. ಚೀಟಿಯನ್ನು ನೋಡಿ ನಗು ಬರಲಿಲ್ಲ. ನಾವು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಂದಿನಿಂದ ಇಂದಿನವರೆಗೆ, ಅಚ್ಚಿಗೆ ಕಳುಹಿಸುವ ಮೊದಲು ಬೀದಿಯಲ್ಲಿ ಹೋಗುವ ಒಬ್ಬ ಕನ್ನಡಿಗನಿಗೆ ತೋರಿಸುವಷ್ಟು ಪುರುಸೊತ್ತು ಯಾರಿಗೂ ಆಗಲಿಲ್ಲವೇ? ಇಲ್ಲಿನ ಫಲಕ, ಚೀಟಿಗಳ ಕನ್ನಡ ಎಲೆಯ ತುದಿಯ ಆ ಉಪ್ಪಿನ ಹಾಗೆ. ಬಡಿಸಬೇಕು, ಬಡಿಸುತ್ತಾರೆ.

ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋದರೆ ಇಂಗ್ಲಿಷಿನ ಕಾಟ. ‘ನೆಗೆಟಿವ್’ ಎಂದರೆ ಸಂತೋಷಪಡಬೇಕು ಎಂಬುದನ್ನು 2021ರಲ್ಲಿ ಅದೇ ಗಡಿಯಲ್ಲಿ ಕೊರೋನಾ ಪರೀಕ್ಷೆಯ ಕಾಗದ ಹಿಡಿದು ನಿಂತು ಕಲಿತೆವು, ಅದಿರಲಿ. ಕಳೆದ ತಿಂಗಳು ಚಿಕ್ಕಪ್ಪನ ಹೊಟ್ಟೆಯ ಸ್ಕ್ಯಾನ್ ವರದಿಯಲ್ಲಿ ಸಾಲು ಸಾಲಾಗಿ ‘ಅನ್‌ರಿಮಾರ್ಕಬಲ್’. ದೋಷ ಕಾಣಲಿಲ್ಲ ಎನ್ನುವುದಕ್ಕೆ ವೈದ್ಯರ ಮಾತು ಅದು. ನಾನು ಮಹಾ ಅನುವಾದಕನಂತೆ, “ಹೊಟ್ಟೆಯಲ್ಲಿ ವಿಶೇಷವೇನೂ ಇಲ್ಲವಂತೆ” ಎಂದೆ. ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಮ್ಮ ಕಡೆ ವಿಶೇಷವಿರುವುದು ಹೊಸ ಸೊಸೆಯಂದಿರಿಗೆ; ಎಪ್ಪತ್ತು ದಾಟಿದ ಮಾಸ್ತರರಿಗಲ್ಲ.

ಔಷಧಿ ಅಂಗಡಿಗೆ ಫೋನು ಮಾಡಿ ಊಟಕ್ಕೆ ಮೊದಲು ಎಂದು ಖಚಿತಪಡಿಸಿಕೊಂಡೆ. ಚಿಕ್ಕಪ್ಪ ಕೇಳಿಸಿಕೊಂಡರು, ತಲೆಯಾಡಿಸಿದರು. ಈಗ ಸಾರು ಮುಗಿದು ಮಜ್ಜಿಗೆ ಬರುವ ನಡುವೆ ಮಾತ್ರೆ ನುಂಗುತ್ತಾರೆ. ಕೇಳಿದರೆ, “ಮಜ್ಜಿಗೆಯ ಮುಂದೆ” ಎನ್ನುತ್ತಾರೆ.