ಕಾಡಿನ ಲೆಕ್ಕದ ಹಣ ಕಾಡಿನ ಊರಿಗೆ ತಲುಪುತ್ತಿದೆಯೇ?

ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವ ಸೂತ್ರದಲ್ಲಿ 15ನೇ ಹಣಕಾಸು ಆಯೋಗವು ಅರಣ್ಯ ಮತ್ತು ಪರಿಸರಕ್ಕೆ ಶೇ. 10ರಷ್ಟು ತೂಕ ಕೊಟ್ಟಿತ್ತು. ಆಗುಂಬೆ, ಕೊಡಚಾದ್ರಿ, ಶರಾವತಿ ಕಣಿವೆಗಳಲ್ಲಿ ಕಾಡು ಉಳಿದಿರುವುದರಿಂದಲೂ ಕರ್ನಾಟಕದ ಬೊಕ್ಕಸಕ್ಕೆ ಒಂದು ಪಾಲು ಬರುತ್ತದೆ ಎಂದಾಯಿತು. ಆದರೆ ಆ ಹಣ ಉಳಿದ ಹಣದೊಡನೆ ಬೆರೆತುಹೋಗುತ್ತದೆ; ಹೊಸನಗರ, ತೀರ್ಥಹಳ್ಳಿಗಳ ಕಾಡಂಚಿನ ಪಂಚಾಯಿತಿಗಳಿಗೇ ಅದು ತಲುಪಬೇಕೆಂಬ ಷರತ್ತು ಯಾವುದೂ ಇಲ್ಲ. ಇದೇ ಆಯೋಗವು 2021-26ರ ಅವಧಿಗೆ ರಾಜ್ಯಗಳ ವಿಪತ್ತು ನಿಧಿಯ ಶೇ. 20ರಷ್ಟನ್ನು ಅಪಾಯ ತಗ್ಗಿಸುವ ಕೆಲಸಕ್ಕೆಂದೇ ಬೇರ್ಪಡಿಸಿತು. ಗುಡ್ಡ ಜರಿದ ಮೇಲೆ ಪರಿಹಾರದ ಚೆಕ್ಕು ಹಂಚುವುದನ್ನೇ ಆಡಳಿತವೆಂದುಕೊಂಡ ನಮಗೆ ಈ ವಿಂಗಡಣೆಯ ಮಹತ್ವ ಇನ್ನೂ ಪೂರ್ತಿ ತಿಳಿದಂತಿಲ್ಲ.

ಉದ್ಯೋಗದ ನಿಮಿತ್ತ ವಯನಾಡಿನಲ್ಲಿ ನೆಲೆಸಿರುವ ನನಗೆ, ಇದೇ ಘಟ್ಟಸಾಲಿನ ಇನ್ನೊಂದು ತುದಿಯಲ್ಲಿ ಹಣದ ದಾರಿ ಬೇರೆಯಾಗಿರುವುದು ಕಾಣುತ್ತದೆ. 2018ರ ಪ್ರವಾಹದ ನಂತರ ಕೇರಳವು ಶೇ. 1ರ ಪ್ರವಾಹ ಸೆಸ್ಸನ್ನು 2019ರ ಆಗಸ್ಟ್‌ನಿಂದ 2021ರ ಜುಲೈವರೆಗೆ, ಕೊರೊನಾ ಕಾಲದಲ್ಲಿಯೂ ಬಿಡದೆ, ವಸೂಲು ಮಾಡಿತು. 2021ರಲ್ಲಿ ವಿಶ್ವಬ್ಯಾಂಕ್ ಮಂಜೂರು ಮಾಡಿದ 12.5 ಕೋಟಿ ಡಾಲರ್ ನೆರವು ನೆರೆ, ಹವಾಮಾನ ಬದಲಾವಣೆ ಮತ್ತು ಸಾಂಕ್ರಾಮಿಕ ರೋಗಗಳನ್ನು ಒಂದೇ ಕಾರ್ಯಕ್ರಮದಡಿ ತಂದಿತು.

ಇದಕ್ಕಿಂತ ನನ್ನ ಗಮನ ಸೆಳೆದದ್ದು ವಯನಾಡಿನ ಮೀನಂಗಾಡಿ ಪಂಚಾಯಿತಿಯ ಮರ ಬ್ಯಾಂಕ್ ಯೋಜನೆ. ರೈತ ತನ್ನ ಜಮೀನಿನಲ್ಲಿ ನೆಟ್ಟ ಸಸಿಗಳನ್ನು ಸಹಕಾರಿ ಬ್ಯಾಂಕಿಗೆ ಅಡವಿಟ್ಟರೆ ಮರವೊಂದಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಹತ್ತು ವರ್ಷ ಬಡ್ಡಿಯಿಲ್ಲದ ಸಾಲ ಸಿಗುತ್ತದೆ. ಮರ ಕಡಿದರಷ್ಟೇ ಅದನ್ನು ತೀರಿಸಬೇಕು. ಸರ್ಕಾರ ಇದಕ್ಕಾಗಿ 10 ಕೋಟಿ ರೂಪಾಯಿ ಮೂಲನಿಧಿ ಇಟ್ಟಿತು. ಐವತ್ತು ರೂಪಾಯಿ ದೊಡ್ಡ ಮೊತ್ತವಲ್ಲ, ನಿಜ. ಆದರೆ ಕಡಿಯದೆ ಬಿಟ್ಟ ಮರಕ್ಕೂ ಪಾಸ್‌ಬುಕ್ಕಿನಲ್ಲಿ ಒಂದು ಸಾಲು ಬೀಳುತ್ತದೆ.

ಶಿವಮೊಗ್ಗ ಜಿಲ್ಲೆಗೆ ಇದು ಅಸಾಧ್ಯವೇನಲ್ಲ. ಊರೂರಿನಲ್ಲಿ ಸೊಸೈಟಿಗಳಿವೆ, ಶೂನ್ಯ ಬಡ್ಡಿಯ ಬೆಳೆ ಸಾಲ ಅವುಗಳ ಮೂಲಕವೇ ಹೋಗುತ್ತದೆ. ಅಡಿಕೆ ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಸೊಪ್ಪಿನಬೆಟ್ಟದ ಮರವನ್ನು ಮಾತ್ರ ಅಡವಿಡಲಾಗದು, ಏಕೆಂದರೆ ಆ ನೆಲ ಸರ್ಕಾರದ್ದು, ಬೆಳೆಗಾರನಿಗಿರುವುದು ಸೊಪ್ಪು-ದರಕಿನ ಸೌಲಭ್ಯವಷ್ಟೇ. ಅಲ್ಲಿ ಸಾಲದ ಬದಲು, ಬೆಟ್ಟವನ್ನು ಬೋಳಾಗಿಸದೆ ಕಾಯ್ದವರಿಗೆ ಪಂಚಾಯಿತಿಯ ಮೂಲಕ ವಾರ್ಷಿಕ ಗೌರವಧನ ಕೊಡಬಹುದು.

ಸದ್ಯ ಅಡಿಕೆ ಬೆಳೆಗಾರನಿಗಿರುವ ಹವಾಮಾನ ರಕ್ಷಣೆಯೆಂದರೆ ಹವಾಮಾನ ಆಧಾರಿತ ಬೆಳೆ ವಿಮೆ. ವಿಮಾ ಮೊತ್ತದ ಶೇ. 5ರಷ್ಟು ಕಂತನ್ನು ಅವನು ಕಟ್ಟುತ್ತಾನೆ, ಪರಿಹಾರವನ್ನು ಪಂಚಾಯಿತಿಯ ಮಳೆ ಮಾಪಕ ನಿರ್ಧರಿಸುತ್ತದೆ. ಮಲೆನಾಡಿನಲ್ಲಿ ಗುಡ್ಡದ ಈಚೆ ಹೊಯ್ದ ಮಳೆ ಆಚೆ ಹನಿಯದಿರುವುದುಂಟು. ಮಾಪಕ ಕೆಟ್ಟು ನಿಂತರಂತೂ ತೋಟದಲ್ಲಿ ಕೊಳೆ ರೋಗದಿಂದ ಕಾಯಿ ಉದುರಿ ನೆಲ ಹಸಿರಾಗಿದ್ದರೂ ದಾಖಲೆಯಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಅಪಾಯ ತಗ್ಗಿಸುವ ನಿಧಿಯಿಂದ ಮಾಪಕಗಳ ಸಂಖ್ಯೆ ಹೆಚ್ಚಿಸಿ, ಅವುಗಳ ನಿಗಾವನ್ನು ಸೊಸೈಟಿಗೆ ವಹಿಸುವುದು ಮೊದಲ ಕೆಲಸವಾಗಬೇಕು.

ಕೇರಳವನ್ನು ಹೊಗಳಿ ಮುಗಿಸುವ ಇರಾದೆ ನನಗಿಲ್ಲ. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲ ಊರುಗಳು ಭೂಕುಸಿತದಲ್ಲಿ ಕೊಚ್ಚಿಹೋದದ್ದು ಇದೇ ವಯನಾಡಿನಲ್ಲಿ. ರಾಜ್ಯದ ಸಾಲದ ಹೊರೆಯೂ ಹಗುರವಲ್ಲ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಕೇರಳದಲ್ಲಿಯೂ ವಿರೋಧಿಸಿದರು, ಕರ್ನಾಟಕದಲ್ಲಿಯೂ ವಿರೋಧಿಸಿದರು. 2014ರಿಂದ ಮತ್ತೆ ಮತ್ತೆ ಹೊರಬಿದ್ದ ಆ ಕರಡು ಕರ್ನಾಟಕದ 20,668 ಚದರ ಕಿಲೋಮೀಟರನ್ನು ಗುರುತಿಸುತ್ತದೆ. ನಿರ್ಬಂಧಗಳ ಪಟ್ಟಿ ಮಾತ್ರ ಊರಿಗೆ ಮೊದಲು ತಲುಪಿ, ಹಣದ ಮಾತು ದಿಲ್ಲಿಯಲ್ಲೋ ಬೆಂಗಳೂರಿನಲ್ಲೋ ಉಳಿದರೆ ಜನ ಒಪ್ಪುವುದಾದರೂ ಹೇಗೆ? ಈ ಹಣವನ್ನು ಕೇಳಬೇಕಾದ ನಮ್ಮ ಜಿಲ್ಲಾ ಪಂಚಾಯಿತಿಯ ಅವಧಿ 2021ರಲ್ಲೇ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕೇರಳವೋ, ಕೊರೊನಾ ನಡುವೆಯೇ, 2020ರ ಡಿಸೆಂಬರ್‌ನಲ್ಲಿ ಗ್ರಾಮದಿಂದ ಜಿಲ್ಲೆಯವರೆಗಿನ ಮೂರೂ ಹಂತಕ್ಕೆ ಮತದಾನ ನಡೆಸಿತು.